ಬರ್ಲಿನ್‌ಗೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಹೋದಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಅಕ್ಟೋಬರ್‌ನಿಂದ ಒಂದು ಸೆಮಿಸ್ಟರ್ ಬರ್ಲಿನ್‌ನಲ್ಲಿ ಓದಲು ಹೊರಟಿದ್ದೀರಿ, ಜರ್ಮನ್ ಅಷ್ಟಾಗಿ ಬರುವುದಿಲ್ಲ, ಕೋಣೆ ಇನ್ನೂ ಸಿಕ್ಕಿಲ್ಲ, ಹೋದ ಮೇಲೆ ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ವಿಳಾಸದಿಂದ ಶುರು ಮಾಡಿ. ಜರ್ಮನಿಯಲ್ಲಿ ಮನೆಗೆ ಸೇರಿದ 14 ದಿನದೊಳಗೆ ನಿಮ್ಮ ವಿಳಾಸವನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ಇದೇ ಆನ್‌ಮೆಲ್ಡುಂಗ್. ಎಷ್ಟೋ ಬ್ಯಾಂಕುಗಳು ಈ ಕಾಗದವನ್ನೇ ಮೊದಲು ಕೇಳುತ್ತವೆ, ತೆರಿಗೆ ಸಂಖ್ಯೆ ಬರುವುದೂ ಇದಾದ ಮೇಲೆಯೇ, ವೀಸಾ ವಿಸ್ತರಣೆ ಬೇಕಾದರೆ ಅಲ್ಲಿಯೂ ಇದು ಬೇಕು. ಹಾಗಾಗಿ ಕೋಣೆ ಹುಡುಕುವಾಗ ಬಾಡಿಗೆ ಕೇಳುವ ಮೊದಲೇ "ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದೇ?" ಎಂದು ಕೇಳಿ. ಆಗುವುದಿಲ್ಲ ಎನ್ನುವ ಕೋಣೆ ಎಷ್ಟೇ ಅಗ್ಗವಿರಲಿ, ಬಿಟ್ಟುಬಿಡಿ. ಮೊದಲ ಎರಡು ವಾರ ತಂಗಲಷ್ಟೇ ಅಂಥದ್ದು ಸರಿ.

ಕೋಣೆಗೆ ಮುಖ್ಯವಾಗಿ ಎರಡು ದಾರಿ. ಒಂದು, ಷ್ಟುಡಿರೆಂಡನ್‌ವೆರ್ಕ್ ಬರ್ಲಿನ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ಹಾಸ್ಟೆಲ್‌ಗಳು. ಕಾಯುವ ಪಟ್ಟಿ ಉದ್ದ ಇರುತ್ತದೆ. ಸೀಟು ಖಚಿತವಾದ ದಿನವೇ ಅರ್ಜಿ ಹಾಕಿ, ನಿಮ್ಮ ವಿಶ್ವವಿದ್ಯಾಲಯಕ್ಕೆ ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆಂದೇ ಕಾದಿರಿಸಿದ ಕೋಣೆಗಳಿವೆಯೇ ಎಂದು ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸಿಗೆ ಬರೆದು ಕೇಳಿ. ಎರಡನೆಯದು, ನಾಲ್ಕೈದು ಜನ ಹಂಚಿಕೊಂಡಿರುವ ಫ್ಲ್ಯಾಟಿನಲ್ಲಿ ಒಂದು ಕೋಣೆ. ಇದನ್ನು ವೇಗೇ ಅನ್ನುತ್ತಾರೆ. ಯಾರೋ ಆರು ತಿಂಗಳು ಬೇರೆ ದೇಶಕ್ಕೆ ಹೋಗುವಾಗ ತಮ್ಮ ಕೋಣೆಯನ್ನು ಸಾಮಾನಿನ ಸಮೇತ ಬಿಟ್ಟುಕೊಡುವ ಪದ್ಧತಿಯೂ ಇದೆ. ಒಂದು ಸೆಮಿಸ್ಟರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ಹಾಗೆ ಬಿಟ್ಟುಕೊಡಲು ಅವರಿಗೆ ಮನೆ ಮಾಲೀಕರ ಒಪ್ಪಿಗೆ ಇರಬೇಕು. ಅದನ್ನು ತೋರಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಕಾಣುತ್ತವೆ. ಕಾಲ್ಟ್ ಎಂದರೆ ಬರೀ ಕೋಣೆಗೆ, ವಾರ್ಮ್ ಎಂದರೆ ಹೀಟಿಂಗ್, ನೀರು, ಕಸ ಸೇರಿಸಿ. ಲೆಕ್ಕ ಹಾಕಬೇಕಾದ್ದು ವಾರ್ಮ್ ಮೇಲೆ. ಕರೆಂಟು, ಇಂಟರ್ನೆಟ್ ಅದರಲ್ಲಿ ಸೇರಿದೆಯೇ ಎಂದು ಬೇರೆಯಾಗಿ ಕೇಳಿ. ಠೇವಣಿ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಕಾನೂನಿನ ಪ್ರಕಾರ ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು.

ಮೋಸ ನಡೆಯುವ ರೀತಿ ಹೆಚ್ಚುಕಮ್ಮಿ ಒಂದೇ. ನಗರದ ನಡುವೆ ಚೆಂದದ ಫ್ಲ್ಯಾಟು, ನಂಬಲಾಗದಷ್ಟು ಕಡಿಮೆ ಬಾಡಿಗೆ, ಮಾಲೀಕರು "ಸದ್ಯ ವಿದೇಶದಲ್ಲಿದ್ದೇನೆ, ಠೇವಣಿ ಕಳಿಸಿ, ಬೀಗದ ಕೈ ಪೋಸ್ಟಿನಲ್ಲಿ ಬರುತ್ತದೆ" ಎನ್ನುತ್ತಾರೆ. ದೂರದ ದೇಶದಿಂದ ಕೋಣೆ ಹುಡುಕುವವರೇ ಇವರ ಗುರಿ. ವಿಡಿಯೋ ಕಾಲ್‌ನಲ್ಲಿ ಮನೆ ತೋರಿಸಲು, ಬಾಗಿಲ ಬಳಿಯ ಹೆಸರಿನ ಫಲಕ ತೋರಿಸಲು ಹೇಳಿ. ನುಣುಚಿಕೊಂಡರೆ ಅಲ್ಲಿಗೇ ಮಾತು ನಿಲ್ಲಿಸಿ. ಪಾಸ್‌ಪೋರ್ಟಿನ ಫೋಟೊ ಕೂಡ ಮೊದಲೇ ಕಳಿಸಬೇಡಿ, ಅದೇ ಫೋಟೊ ತೋರಿಸಿ ಮುಂದಿನವರನ್ನು ನಂಬಿಸುತ್ತಾರೆ.

ಕೋಣೆ ಸಿಕ್ಕ ದಿನವೇ ನೋಂದಣಿಯ ಅಪಾಯಿಂಟ್‌ಮೆಂಟ್ ಹುಡುಕಿ. ಕಚೇರಿಯ ಹೆಸರು ಬ್ಯುರ್ಗರ್‌ಆಮ್ಟ್. ನಿಮ್ಮ ಬಡಾವಣೆಯದ್ದೇ ಆಗಬೇಕಿಲ್ಲ, ಬರ್ಲಿನ್‌ನ ಯಾವ ಬ್ಯುರ್ಗರ್‌ಆಮ್ಟ್ ಆದರೂ ನಡೆಯುತ್ತದೆ. ನಗರದ ಜಾಲತಾಣದಲ್ಲಿ ಎಲ್ಲ ಕಚೇರಿಗಳನ್ನೂ ಆಯ್ಕೆ ಮಾಡಿ ನೋಡಿ. ಮೊದಲ ಸಲ ತೆರೆದಾಗ ಇಡೀ ತಿಂಗಳು ಭರ್ತಿ ಎಂದು ಕಂಡರೆ ಎದೆಗುಂದಬೇಡಿ. ಜನ ರದ್ದು ಮಾಡಿದ ಸಮಯಗಳು ದಿನವಿಡೀ ಒಂದೊಂದಾಗಿ ತೆರೆದುಕೊಳ್ಳುತ್ತವೆ, ಬೆಳಿಗ್ಗೆ ಬೇಗ ಎದ್ದು ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿದವರಿಗೆ ಸಿಗುತ್ತದೆ. ಸರ್ಕಾರಿ ಕಚೇರಿಗಳ ಸಹಾಯವಾಣಿ 115ಕ್ಕೆ ಫೋನ್ ಮಾಡಿಯೂ ಕೇಳಬಹುದು. 14 ದಿನದೊಳಗೆ ಸಿಗಲೇ ಇಲ್ಲವೆಂದರೆ ಸಿಕ್ಕ ಮೊದಲ ದಿನಕ್ಕೆ ಬುಕ್ ಮಾಡಿ, ಬುಕ್ ಮಾಡಿದ ಇಮೇಲ್ ಜೋಪಾನವಾಗಿ ಇಟ್ಟುಕೊಳ್ಳಿ.

ಅಲ್ಲಿಗೆ ಒಯ್ಯಬೇಕಾದ್ದು ಮೂರು: ವೀಸಾ ಇರುವ ಪಾಸ್‌ಪೋರ್ಟು, ತುಂಬಿದ ನೋಂದಣಿ ಅರ್ಜಿ, ಮನೆ ಕೊಟ್ಟವರ ಸಹಿಯಿರುವ ದೃಢೀಕರಣ ಪತ್ರ. ಬಹಳಷ್ಟು ಜನ ಎಡವುವುದು ಮೂರನೆಯದರಲ್ಲಿ. ಬಾಡಿಗೆ ಕರಾರು ಇದ್ದರೆ ಸಾಕು ಎಂದುಕೊಂಡು ಹೋಗುತ್ತಾರೆ, ಸಾಕಾಗುವುದಿಲ್ಲ, ಇನ್ನೊಂದು ಅಪಾಯಿಂಟ್‌ಮೆಂಟ್ ಹುಡುಕಬೇಕಾಗುತ್ತದೆ. ಈ ಪತ್ರದ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ನೀವು ಒಳಬಾಡಿಗೆಗೆ ಇದ್ದರೆ ಕಟ್ಟಡದ ಮಾಲೀಕರನ್ನೇ ಹುಡುಕಬೇಕಿಲ್ಲ, ನಿಮಗೆ ಕೋಣೆ ಕೊಟ್ಟ ಮುಖ್ಯ ಬಾಡಿಗೆದಾರರೇ ಸಹಿ ಹಾಕಬಹುದು. ನೋಂದಣಿಗೆ ಶುಲ್ಕವಿಲ್ಲ, ಕೂತ ಹಾಗೇ ಕಾಗದ ಕೈಗೆ ಕೊಡುತ್ತಾರೆ. ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಇದರ ಜೊತೆಗೇ ಮಾಡಬೇಕಾದ ಚಿಕ್ಕ ಕೆಲಸವೊಂದಿದೆ, ಯಾರೂ ಮೊದಲೇ ಹೇಳುವುದಿಲ್ಲ. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ಅಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಸಂಖ್ಯೆಯೇ ಇರುವುದಿಲ್ಲ, ಅಂಚೆಯವರು ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ವಾಪಸ್ಸು ಹೋಗುತ್ತದೆ. ಬ್ಯಾಂಕ್ ಕಾರ್ಡು, ಅದರ ಪಿನ್, ತೆರಿಗೆ ಸಂಖ್ಯೆ, ವಿಮೆಯ ಕಾರ್ಡು ಎಲ್ಲವೂ ಅಂಚೆಯಲ್ಲೇ ಬರುವುದರಿಂದ ಈ ಒಂದು ಚೀಟಿ ಇಲ್ಲದೆ ವಾರಗಟ್ಟಲೆ ಕಾಯುವಂತಾಗುತ್ತದೆ. ನಮ್ಮಲ್ಲಿ ಇನಿಶಿಯಲ್ ಬಳಸುವವರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಪೂರ್ತಿ ಹೆಸರು ಬರೆಯಿರಿ, ಎಲ್ಲ ಕಡೆಯೂ ಅದೇ ರೂಪ ಕೊಡಿ.

ಹಣದ ವಿಷಯ. ವೀಸಾಗೆ ಬ್ಲಾಕ್ಡ್ ಅಕೌಂಟ್, ಅಂದರೆ ಅಲ್ಲಿನ ಖರ್ಚಿನ ಹಣವನ್ನು ಮೊದಲೇ ಕಟ್ಟಿ ತೋರಿಸುವ ಖಾತೆ, ತೆರೆದಿದ್ದರೆ ಅದರಿಂದ ತಿಂಗಳಿಗೆ ಒಂದು ಕಂತು ಮಾತ್ರ ಬಿಡುಗಡೆಯಾಗುತ್ತದೆ. 2024ರ ಸೆಪ್ಟೆಂಬರ್‌ನಿಂದ ನಿಗದಿಯಾದದ್ದು ತಿಂಗಳಿಗೆ 992 ಯೂರೊ. ಅದು ಬಂದು ಬೀಳಲು ನಿಮ್ಮ ಹೆಸರಿನಲ್ಲಿ ಮಾಮೂಲಿ ಖಾತೆ ಬೇಕು, ಅದಕ್ಕೆ ಎಷ್ಟೋ ಕಡೆ ಆನ್‌ಮೆಲ್ಡುಂಗ್ ಬೇಕು. ಹೀಗಾಗಿ ಮೊದಲ ತಿಂಗಳು ಬ್ಲಾಕ್ಡ್ ಅಕೌಂಟ್ ನಂಬಿ ಹೋಗಬೇಡಿ. ಠೇವಣಿ, ಮೊದಲ ಬಾಡಿಗೆ, ಆರು ವಾರದ ಊಟ ಓಡಾಟಕ್ಕೆ ಆಗುವಷ್ಟನ್ನು ಫಾರೆಕ್ಸ್ ಕಾರ್ಡಿನಲ್ಲಿ, ಸ್ವಲ್ಪ ನಗದಿನಲ್ಲಿ ಇಟ್ಟುಕೊಳ್ಳಿ. ಬರ್ಲಿನ್‌ನಲ್ಲಿ ನಗದು ಮಾತ್ರ ತೆಗೆದುಕೊಳ್ಳುವ ಸಣ್ಣ ಅಂಗಡಿಗಳು ಇನ್ನೂ ಇವೆ. ಊರಿನ ಸಿಮ್ ಬಂದ್ ಮಾಡಬೇಡಿ. ಹೊರಡುವ ಮೊದಲೇ ರೋಮಿಂಗ್ ಚಾಲೂ ಮಾಡಿಸಿ, ಇಲ್ಲದಿದ್ದರೆ ಇಲ್ಲಿನ ಬ್ಯಾಂಕಿನ ಒಟಿಪಿ ಅಲ್ಲಿ ಬರುವುದಿಲ್ಲ.

ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯ ದಾಖಲಾತಿ ಮಾಡಿಕೊಳ್ಳುವುದಿಲ್ಲ, ಪ್ರವಾಸಿ ವಿಮೆ ಇದಕ್ಕೆ ನಡೆಯುವುದಿಲ್ಲ. 30 ವರ್ಷದೊಳಗಿನವರಿಗೆ ಸಾರ್ವಜನಿಕ ವಿಮೆಯ ವಿದ್ಯಾರ್ಥಿ ದರ ತಿಂಗಳಿಗೆ ಸುಮಾರು 145 ಯೂರೊ. ಖಾಸಗಿ ವಿಮೆ ಅಗ್ಗ ಎಂದು ಸಾರ್ವಜನಿಕ ವಿಮೆಯಿಂದ ವಿನಾಯಿತಿ ತೆಗೆದುಕೊಂಡರೆ ಆ ಓದು ಮುಗಿಯುವವರೆಗೆ ವಾಪಸ್ ಬರುವಂತಿಲ್ಲ, ಯೋಚಿಸಿ ಮಾಡಿ. ಇನ್ನೊಂದು: ಸೆಮಿಸ್ಟರ್ ಶುರುವಾಗುವುದು ಅಕ್ಟೋಬರ್ 1ಕ್ಕೆ. ಸೆಪ್ಟೆಂಬರ್‌ನಲ್ಲೇ ಇಳಿದರೆ ನಡುವಿನ ದಿನಗಳಿಗೆ ಪ್ರವಾಸಿ ವಿಮೆ ಇರಲೇಬೇಕು. ಸೆಮಿಸ್ಟರ್ ಶುಲ್ಕದ ಜೊತೆ ಬರುವ ಪ್ರಯಾಣದ ಪಾಸಿನದ್ದೂ ಇದೇ ಕಥೆ, ಅಲ್ಲಿಯವರೆಗೆ ಟಿಕೆಟ್ ನಿಮ್ಮದೇ. ನಿಲ್ದಾಣಗಳಲ್ಲಿ ಗೇಟು ಇರುವುದಿಲ್ಲ, ಕಾಗದದ ಟಿಕೆಟ್ಟನ್ನು ಯಂತ್ರದಲ್ಲಿ ಮುದ್ರೆ ಹಾಕಿಸದೆ ಹತ್ತಿದರೆ ಟಿಕೆಟ್ ಇದ್ದರೂ 60 ಯೂರೊ ದಂಡ. ಟಿಕೆಟ್ ದರಕ್ಕೆ ಎ, ಬಿ, ಸಿ ಎಂದು ಮೂರು ವಲಯಗಳಿವೆ. ವಿಮಾನ ನಿಲ್ದಾಣ ಸಿ ವಲಯದಲ್ಲಿದೆ, ಅಲ್ಲಿಂದ ಬರುವಾಗ ಎಬಿಸಿ ಟಿಕೆಟ್ ತೆಗೆದುಕೊಳ್ಳಿ.

ನೋಂದಣಿಯಾದ ಮೇಲೆ ರೇಡಿಯೊ ಟಿವಿ ಶುಲ್ಕದ ಪತ್ರ ಬರುತ್ತದೆ, ತಿಂಗಳಿಗೆ 18.36 ಯೂರೊ. ಟಿವಿ ಇಲ್ಲವೆಂದು ಪಕ್ಕಕ್ಕಿಡಬೇಡಿ, ಬಾಕಿ ಬೆಳೆಯುತ್ತದೆ. ಶುಲ್ಕ ಒಂದು ಮನೆಗೆ ಒಂದು. ಜೊತೆಯವರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ಸಂಖ್ಯೆ ಬರೆದು ಉತ್ತರಿಸಿದರೆ ಮುಗಿಯಿತು, ಖರ್ಚು ಹಂಚಿಕೊಳ್ಳಿ.

ಓದಿನ ಬಗ್ಗೆ ನನ್ನ ದೊಡ್ಡ ಕಳಕಳಿ ಪರೀಕ್ಷೆಯದ್ದು. ತರಗತಿಗೆ ಹೆಸರು ಕೊಟ್ಟರೆ ಪರೀಕ್ಷೆಗೂ ಹೆಸರು ಸೇರಿತು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಅಲ್ಲಿ ಬಹಳಷ್ಟು ವಿಭಾಗಗಳಲ್ಲಿ ಪರೀಕ್ಷೆಗೆ ಬೇರೆಯೇ ನೋಂದಣಿ, ಬೇರೆಯೇ ಕೊನೆಯ ದಿನ. ತಪ್ಪಿದರೆ ಸೆಮಿಸ್ಟರ್ ಪೂರ್ತಿ ಕೂತು ಕೇಳಿದ್ದಕ್ಕೂ ಕ್ರೆಡಿಟ್ ಇಲ್ಲ. ಮೊದಲ ತರಗತಿಯಲ್ಲೇ ಕೇಳಿ: ಪರೀಕ್ಷೆ ಯಾವ ರೂಪದ್ದು, ನೋಂದಣಿ ಎಲ್ಲಿ, ಯಾವ ದಿನದವರೆಗೆ? ತರಗತಿಗಳು ಫೆಬ್ರವರಿ ನಡುವಿಗೆ ಮುಗಿಯುತ್ತವೆ, ಪರೀಕ್ಷೆ ಮಾರ್ಚಿಗೂ ಹೋಗಬಹುದು, ಪ್ರಬಂಧವಾದರೆ ಮಾರ್ಚ್ ಕೊನೆಯವರೆಗೆ ಸಮಯ ಕೊಡುತ್ತಾರೆ. ವಾಪಸ್ ಟಿಕೆಟ್ ಬುಕ್ ಮಾಡುವ ಮೊದಲು ಈ ದಿನಾಂಕಗಳನ್ನೂ ವೀಸಾ ಮುಗಿಯುವ ದಿನವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಯ್ದ ವಿಷಯ ಬದಲಾದರೆ ಲರ್ನಿಂಗ್ ಅಗ್ರಿಮೆಂಟ್, ಅಂದರೆ ಅಲ್ಲಿ ಯಾವ ವಿಷಯ ಓದುತ್ತೀರಿ ಎಂಬ ಒಪ್ಪಂದ ಪತ್ರ, ತಿದ್ದಿಸಿ ಊರಿನ ಮತ್ತು ಅಲ್ಲಿನ ವಿಶ್ವವಿದ್ಯಾಲಯ ಎರಡೂ ಕಡೆ ಸಹಿ ಮಾಡಿಸಿ. ಅಂಕ ಉಲ್ಟಾ: 1.0 ಅತ್ಯುತ್ತಮ, 4.0 ಪಾಸು, 5.0 ನಪಾಸು. ವೇಳಾಪಟ್ಟಿಯಲ್ಲಿ 10 ಸಿ.ಟಿ. ಎಂದಿದ್ದರೆ ತರಗತಿ 10.15ಕ್ಕೆ, ಎಸ್.ಟಿ. ಎಂದಿದ್ದರೆ ಹತ್ತಕ್ಕೆ ಸರಿಯಾಗಿ.

ಮನೆಯೊಳಗೆ ಎರಡು ಎಚ್ಚರಿಕೆ. ಹಲವು ಫ್ಲ್ಯಾಟುಗಳ ಬಾಗಿಲಿಗೆ ಹೊರಗಡೆ ಹಿಡಿಕೆ ತಿರುಗುವುದಿಲ್ಲ, ಎಳೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಕಸ ಹಾಕಲು ಹೊರಟರೂ ಬೀಗದ ಕೈ ಜೇಬಿನಲ್ಲಿರಲಿ. ರಾತ್ರಿ ಹೊತ್ತು ಬೀಗ ತೆಗೆಯುವವರನ್ನು ಕರೆಸಿದರೆ ನೂರಾರು ಯೂರೊ ಕೇಳಬಹುದು. ಎರಡನೆಯದು ಗಾಳಿ. ಅನ್ನ ಬೇಯಿಸಿದ ಹಬೆ, ಸ್ನಾನದ ತೇವ ಚಳಿಗಾಲದಲ್ಲಿ ತಣ್ಣನೆ ಗೋಡೆಗೆ ಕೂತು ಕಪ್ಪು ಬೂಷ್ಟು ಹಿಡಿಯುತ್ತದೆ, ಅದು ಠೇವಣಿಯಿಂದ ಕಳೆಯಲು ಕಾರಣವಾಗುತ್ತದೆ. ಕಿಟಕಿ ಅರೆಬರೆ ವಾಲಿಸಿಟ್ಟರೆ ಗೋಡೆ ತಣ್ಣಗಾಗುತ್ತದೆ ಹೊರತು ತೇವ ಹೋಗುವುದಿಲ್ಲ. ದಿನಕ್ಕೆ ಎರಡು ಮೂರು ಸಲ ಹೀಟರ್ ನಿಲ್ಲಿಸಿ ಐದರಿಂದ ಹತ್ತು ನಿಮಿಷ ಪೂರ್ತಿ ತೆರೆದಿಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸಾಮಾನು ಶನಿವಾರವೇ ತನ್ನಿ.

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಕೋಣೆಯೊಳಗೇ ಉಳಿದರೆ ಮನಸ್ಸು ಕುಗ್ಗುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಕ್ಟೋಬರ್‌ನಲ್ಲೇ ವಾರಕ್ಕೊಮ್ಮೆ ತಪ್ಪದೆ ಹೋಗುವಂಥ ಒಂದು ಗುಂಪಿಗೆ ಸೇರಿ: ವಿಶ್ವವಿದ್ಯಾಲಯದ ಕ್ರೀಡಾ ತರಗತಿ, ಭಾಷಾ ವಿನಿಮಯ, ಯಾವುದಾದರೂ. ಕ್ರೀಡಾ ತರಗತಿಗಳು ಬೇಗ ಭರ್ತಿಯಾಗುತ್ತವೆ. ಕನ್ನಡದವರು ಸಿಕ್ಕೇ ಸಿಗುತ್ತಾರೆ, ಅವರ ಜೊತೆ ಇರಿ, ಆದರೆ ಅವರೊಬ್ಬರ ಜೊತೆಗೇ ಆರು ತಿಂಗಳು ಕಳೆಯಬೇಡಿ. ತುರ್ತಿಗೆ 112, ಪೊಲೀಸರಿಗೆ 110, ರಾತ್ರಿ ಜ್ವರ ಬಂದು ವೈದ್ಯರು ಬೇಕಾದರೆ 116117.

ಹೊರಡುವಾಗ ಬಂದ ದಾರಿಯಲ್ಲೇ ಒಂದೊಂದನ್ನೂ ಬಿಡಿಸಿಕೊಳ್ಳಬೇಕು. ವಿಳಾಸ ರದ್ದತಿಯನ್ನು ಮನೆ ಬಿಡುವ ಒಂದು ವಾರ ಮೊದಲಿನಿಂದ ಮಾಡಿಸಬಹುದು, ಬಿಟ್ಟ ಎರಡು ವಾರದೊಳಗೆ ಮುಗಿಯಬೇಕು. ಆ ಕಾಗದ ತೋರಿಸಿ ವಿಮೆ, ಟಿವಿ ಶುಲ್ಕ, ಫೋನ್ ಕರಾರು ನಿಲ್ಲಿಸಿ, ತಾನಾಗೇ ನಿಲ್ಲುತ್ತವೆ ಎಂದುಕೊಳ್ಳಬೇಡಿ. ಕೋಣೆಯ ಫೋಟೊ ಬಂದ ದಿನವೂ ಬಿಡುವ ದಿನವೂ ತೆಗೆದಿಡಿ. ಠೇವಣಿ ಮರಳಲು ಮೂರರಿಂದ ಆರು ತಿಂಗಳು ಹಿಡಿಯಬಹುದು, ಅದು ಕೈಸೇರುವವರೆಗೆ ಜರ್ಮನಿಯ ಬ್ಯಾಂಕ್ ಖಾತೆ ಮುಚ್ಚಬೇಡಿ.