ಹಳೇ ಮಾರುತಿ 800ರ ಟಕ್ ಟಕ್ ಸದ್ದು ಯಾವುದರದ್ದು ಅಂತ ಕಂಡುಹಿಡಿಯೋದು ಹೇಗೆ?

ನಿಮ್ಮ 2008ರ ಮಾರುತಿ 800 ನಿಧಾನಕ್ಕೆ ಹೋಗುವಾಗ ಮುಂದಿನ ಭಾಗದಿಂದ ಟಕ್ ಟಕ್ ಅನ್ನುತ್ತದೆ, ಶಿವಮೊಗ್ಗದಲ್ಲಿ ಒಂದು ಗ್ಯಾರೇಜಿನವರು ಶಾಕ್ ಅಬ್ಸಾರ್ಬರ್ ಅಂದರು, ಇನ್ನೊಬ್ಬರು ಆಕ್ಸಲ್ ಅಂದರು, ಸದ್ಯದಲ್ಲೇ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಬೇಕು, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಮೆಕ್ಯಾನಿಕ್ ಅಲ್ಲ. ಸಾಗರದ ಕಡೆ ತೋಟ ಮಾಡಿಕೊಂಡು ಹಳೇ ಕಾರಿನಲ್ಲೇ ಓಡಾಡುವವನು. ಕಾಸು ಬಿಚ್ಚುವ ಮೊದಲು ಒಂದು ಬೆಳಿಗ್ಗೆ ನೀವೇ ಕೂತು ಪರೀಕ್ಷೆ ಮಾಡಿ ಮಾರಾಯ್ರೆ, ಅದಕ್ಕೆ ಒಂದು ಸೀಮೆಸುಣ್ಣ, ಒಂದು ಜಾಕ್, ಜೊತೆಗೊಬ್ಬರು ಸಾಕು.

ಸದ್ದು ಎಲ್ಲಿಂದ ಬರುತ್ತಿದೆ ಅಂತ ಒಳಗೆ ಕೂತು ಕೇಳಿದರೆ ಕಿವಿ ಮೋಸ ಹೋಗುತ್ತದೆ. ತಗಡಿನ ಮೂಲಕ ಅದು ಎಲ್ಲಿಗೋ ಹರಿದುಹೋಗುತ್ತದೆ, ಎಡ ಚಕ್ರದ್ದು ಬಲಗಡೆ ಕೇಳಿಸುವುದೂ ಉಂಟು. ಅದಕ್ಕೇ ಮೊದಲು ನೋಡಬೇಕಾದ್ದು, ಅದು ಯಾವುದರ ಜೊತೆ ಹೆಚ್ಚು-ಕಮ್ಮಿ ಆಗುತ್ತದೆ ಅಂತ: ಇಂಜಿನ್ನಾ, ಚಕ್ರವಾ, ಸ್ಟೇರಿಂಗಾ, ರಸ್ತೆಯ ಗುಂಡಿಯಾ?

ಗಾಡಿ ನಿಂತಿರುವಾಗಲೂ ಸದ್ದಿದ್ದು, ಆಕ್ಸಲರೇಟರ್ ಒತ್ತಿದಾಗ ಜೋರಾದರೆ ಅದು ಇಂಜಿನ್‌ದು. ಟ್ಯಾಪೆಟ್ ಗ್ಯಾಪ್, ಅಂದರೆ ಇಂಜಿನ್ ವಾಲ್ವುಗಳ ಮೇಲೆ ಬಿಡುವ ಸಣ್ಣ ಸಂದು, ಜಾಸ್ತಿಯಾಗಿರಬಹುದು. ಬೆಳಿಗ್ಗೆ ತಣ್ಣಗಿರುವಾಗ ಟಿಕ್ ಟಿಕ್ ಅಂದು ಬಿಸಿಯಾದ ಮೇಲೆ ತಗ್ಗಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಇಂಜಿನ್‌ಗೆ ಅಂಟಿದ ಹೊಗೆ ಕೊಳವೆಯ) ಗ್ಯಾಸ್ಕೆಟ್ ನೋಡಿಸಿ. ನಿಮ್ಮದು ಓಡುವಾಗ ಮಾತ್ರ ಬರುವುದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ.

ಚಕ್ರದ ವಿಷಯವೇ ಮುಖ್ಯ. ನಿಮ್ಮ ಗಾಡಿಯ ಟೈರ್ 145/70 ಆರ್12 ಅಳತೆಯದ್ದಾದರೆ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಹೋಗುತ್ತದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎರಡು ಸುತ್ತಿಗೂ ಸ್ವಲ್ಪ ಕಮ್ಮಿ, 20ರಲ್ಲಿ ಮೂರೂವರೆ ಸುತ್ತು. ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಡಿಕೆ ಒಣಗಿಸುವ ಕಣದಂಥ ಸಮತಟ್ಟು ಜಾಗದಲ್ಲಿ ನಡಿಗೆಯ ವೇಗಕ್ಕೆ ಗಾಡಿ ಬಿಡಿ. ಜೊತೆಗಿದ್ದವರು ಚಕ್ರದಿಂದ ಎರಡು ಮಾರು ದೂರ ನಡೆಯುತ್ತಾ ಗೆರೆ ನೋಡಲಿ. ಸುತ್ತಿಗೆ ಒಂದೇ ಸಲ, ಗೆರೆ ಅದೇ ಜಾಗಕ್ಕೆ ಬಂದಾಗ ಟಕ್ ಅಂದರೆ ಟೈರಿನ ತೋಡಿನಲ್ಲಿ ಕಲ್ಲು ಸಿಕ್ಕಿದೆಯಾ, ವೀಲ್ ಕಪ್ ಸಡಿಲವಾ, ಚಕ್ರದ ನಟ್ ಬಿಗಿ ಇದೆಯಾ ನೋಡಿ. ಪಂಕ್ಚರ್ ಹಾಕಿಸಿದ ಮೇಲೆ ಶುರುವಾದ ಸದ್ದಾದರೆ ನಟ್ಟಿನಿಂದಲೇ ಆರಂಭಿಸಿ. ಒಂದು ನಟ್ ಕೈಗೆ ತಿರುಗಿದರೂ ಬಿಗಿ ಮಾಡದೆ ಗಾಡಿ ಕದಲಿಸಬಾರದು.

ಇನ್ನು ಹಾಗೇ ಹೋಗುತ್ತಾ ಬ್ರೇಕ್ ಮೇಲೆ ಸುಮ್ಮನೆ ಕಾಲಿಡಿ. ಸದ್ದು ತಟ್ಟನೆ ನಿಂತರೆ ಬ್ರೇಕ್ ಪ್ಯಾಡ್ ತನ್ನ ಜಾಗದಲ್ಲಿ ಅಲ್ಲಾಡುತ್ತಿದೆ, ಅದರ ಕ್ಲಿಪ್ ಬಿದ್ದಿರಬಹುದು. ಕ್ಲಚ್ ಒತ್ತಿದಾಗ ಇಂಜಿನ್ ವೇಗ ತಗ್ಗಿದರೂ ಸದ್ದು ಹಾಗೇ ಇದ್ದರೆ ಚಕ್ರದ ಕಡೆಯದ್ದೇ ಅಂತ ಖಾತ್ರಿ. ಇಂಜಿನ್ ಆಫ್ ಮಾಡಿ ಮಾತ್ರ ಈ ಪ್ರಯೋಗ ಬೇಡ. ಕೀ ತೆಗೆದರೆ ಸ್ಟೇರಿಂಗ್ ಲಾಕ್ ಆಗಬಹುದು, ಬ್ರೇಕ್ ಬೂಸ್ಟರ್‌ನ ಸಹಾಯವೂ ಹೋಗುತ್ತದೆ.

ಆಕ್ಸಲ್ ಅಂದವರ ಮಾತು ನಿಜವಾ ಅನ್ನುವುದಕ್ಕೆ ಸ್ಪಷ್ಟ ಪರೀಕ್ಷೆ ಇದೆ. ಅದೇ ಕಣದಲ್ಲಿ ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಫಸ್ಟ್ ಗೇರಿನಲ್ಲಿ ಆಕ್ಸಲರೇಟರ್ ಕೊಡುತ್ತಾ ಸುತ್ತು ಹಾಕಿ, ಆಮೇಲೆ ಇನ್ನೊಂದು ಕಡೆಗೆ. ಲೋಡ್ ಬಿದ್ದಾಗ ಕಟಕಟ ಜೋರಾಗಿ, ಬಿಟ್ಟಾಗ ತಗ್ಗಿದರೆ ಡ್ರೈವ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಚಕ್ರ ತಿರುಗಿಸುವ ಸರಳು, ಗ್ಯಾರೇಜಿನವರು ಆಕ್ಸಲ್ ಅನ್ನುವುದು ಇದನ್ನೇ) ಹೊರಗಿನ, ಅಂದರೆ ಚಕ್ರದ ಕಡೆಯ, ಜಾಯಿಂಟ್ ಸವೆದಿದೆ. ಅದರೊಳಗೆ ಆರು ಗುಂಡುಗಳು ತೋಡುಗಳಲ್ಲಿ ಹಿಂದೆ ಮುಂದೆ ಉರುಳುತ್ತಿರುತ್ತವೆ, ತಿರುವು ಹೆಚ್ಚಿದಷ್ಟೂ ಉರುಳಾಟ ಹೆಚ್ಚು. ಅವುಗಳನ್ನು ಕಾಪಾಡುವುದು ಒಂದು ರಬ್ಬರ್ ಬೂಟ್. ನಮ್ಮ ಕಡೆ ತೋಟದ ರಸ್ತೆಯಲ್ಲಿ ಕೋಲು, ಸೋಗೆಯ ದಂಟು ತಾಗಿ ಬೂಟ್ ಹರಿಯುತ್ತದೆ, ಗ್ರೀಸ್ ಚಿಮ್ಮಿ ಹೋಗುತ್ತದೆ, ಮಳೆಗಾಲದ ಕೆಂಪು ಕೆಸರು ಒಳಗೆ ಸೇರಿ ಮರಳುಕಾಗದದ ಕೆಲಸ ಮಾಡುತ್ತದೆ. ನಮ್ಮ ಗಾಡಿಗೆ ಆದದ್ದೂ ಇದೇ: ಮನೆಯ ಏರು ಹತ್ತಿ ತಿರುಗುವಾಗ ಮಾತ್ರ ಸದ್ದು, ಚಕ್ರ ಬಿಚ್ಚಿ ನೋಡಿದರೆ ಒಳಬದಿಯೆಲ್ಲ ಕಪ್ಪು ಗ್ರೀಸ್. ಬೂಟ್ ಹರಿದಿದ್ದು ಸದ್ದಿನ್ನೂ ಶುರುವಾಗಿಲ್ಲ ಅಂದರೆ ತೊಳೆದು, ಹೊಸ ಗ್ರೀಸ್ ತುಂಬಿ, ಬೂಟ್ ಬದಲಿಸಿದರೆ ಉಳಿಯಬಹುದು. ಸದ್ದು ಶುರುವಾದ ಜಾಯಿಂಟನ್ನು ಗ್ರೀಸ್ ಹಾಕಿ ಮೊದಲಿನಂತೆ ಮಾಡಲಾಗದು, ಬದಲಿಸಲೇಬೇಕು. ಯಾವ ಕಡೆ ತಿರುಗಿಸಿದಾಗ ಸದ್ದು ಬಂತು ಅನ್ನುವುದರಿಂದಲೇ ಎಡವೋ ಬಲವೋ ಅಂತ ತೀರ್ಮಾನಿಸಬೇಡಿ, ಎರಡೂ ಬೂಟ್ ಕಣ್ಣಾರೆ ನೋಡಿ.

ಶಾಕ್ ಅಬ್ಸಾರ್ಬರ್ ಸದ್ದು ಚಕ್ರದ ಸುತ್ತಿಗೆ ತಾಳೆಯಾಗುವುದಿಲ್ಲ. ಅದು, ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ) ರಬ್ಬರ್ ಬುಷ್, ಆ ತೋಳನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟ್ ಇವೆಲ್ಲ ಗುಂಡಿ, ಹಂಪುಗಳಲ್ಲಿ ಬಡಿಯುತ್ತವೆ.

ಹೊರಡುವ ಮುಂಚೆ ಬಾಲ್ ಜಾಯಿಂಟ್ ಮಾತ್ರ ಬಿಡಬೇಡಿ. ಸಮತಟ್ಟು ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರ ಜಾಕಿನಲ್ಲಿ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಎಡ-ಬಲ ಹಿಡಿದು. ಮೇಲೆ-ಕೆಳಗೆ ಹಿಡಿದಾಗ ಆಟ (ಸಡಿಲ ಅಲ್ಲಾಟ) ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್, ಎಡ-ಬಲಕ್ಕೆ ಮಾತ್ರ ಇದ್ದರೆ ಹೆಚ್ಚಾಗಿ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನ ಸರಳು ಚಕ್ರಕ್ಕೆ ಸೇರುವ ತುದಿ. ಬರೀ ಜಾಕಿನ ಮೇಲಿರುವ ಗಾಡಿಯ ಕೆಳಗೆ ತಲೆ ಹಾಕಬೇಡಿ. ಕಟಕಟ ಅನ್ನುವ ಡ್ರೈವ್ ಶಾಫ್ಟ್ ಜಾಯಿಂಟ್ ಇಟ್ಟುಕೊಂಡು ನಿಧಾನಕ್ಕೆ ಗ್ಯಾರೇಜಿನವರೆಗೆ ಹೋಗಬಹುದು. ಆದರೆ ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೊರಗೆ ಮಲಗುತ್ತದೆ, ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಅದು ಆಗುವುದು ಬೇಡವೇ ಬೇಡ. ಚಕ್ರದಲ್ಲಿ ಅಂಥ ಆಟ ಕಂಡರೆ ಗಾಡಿ ಮನೆಯಲ್ಲೇ ಬಿಟ್ಟು ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ, ಉಡುಪಿಗೆ ಬಸ್ಸಿನಲ್ಲಿ ಹೋಗಿಬನ್ನಿ.