ಕಾನೂನು ಇದ್ದೂ ಗಾರ್ಮೆಂಟ್ಸ್ ಹೆಂಗಸರ ಪರಿಸ್ಥಿತಿ ಯಾಕೆ ಬದಲಾಗುತ್ತಿಲ್ಲ?

ಏಷ್ಯಾದ ದೇಶಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಇಷ್ಟೊಂದು ಕಾನೂನು ಇದ್ದೂ ಯಾಕೆ ಸುಧಾರಣೆ ಕಾಣುತ್ತಿಲ್ಲ, ಅಂಥ ಫ್ಯಾಕ್ಟರಿಗಳ ಬಟ್ಟೆ ಕೊಳ್ಳುವುದನ್ನೇ ನಿಲ್ಲಿಸಿದರೆ ಸಹಾಯ ಆಗುತ್ತಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವಳು, ಈಗ ಕಾರ್ಮಿಕ ಸಂಘದಲ್ಲಿ ಕೆಲಸ ಮಾಡುತ್ತೇನೆ. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ನಿಲ್ಲಿಸಬೇಡಿ.

2020ರಲ್ಲಿ ಕೊರೊನಾ ಬಂದಾಗ ವಿದೇಶಿ ಬ್ರ್ಯಾಂಡ್‌ಗಳು ಇದ್ದಕ್ಕಿದ್ದಂತೆ ಆರ್ಡರ್ ರದ್ದು ಮಾಡಿದವು. ಎಷ್ಟೋ ಕಡೆ ಹೊಲಿದು ಮುಗಿಸಿದ ಬಟ್ಟೆಗೂ ದುಡ್ಡು ಕೊಡಲಿಲ್ಲ. ಬಾಂಗ್ಲಾದೇಶದಲ್ಲಿ ಕೆಲವೇ ವಾರಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿದರು. ನಮ್ಮ ಶ್ರೀರಂಗಪಟ್ಟಣದಲ್ಲೂ ಅದೇ ವರ್ಷ ಒಂದು ಫ್ಯಾಕ್ಟರಿ ಮುಚ್ಚಿತು. ಸಾವಿರಕ್ಕೂ ಹೆಚ್ಚು ಕೆಲಸಗಾರರು, ಅವರಲ್ಲಿ ಬಹುತೇಕ ಹೆಂಗಸರು, ವಾರಗಟ್ಟಲೆ ಧರಣಿ ಕೂತರು. ಆರ್ಡರ್ ನಿಂತರೆ ಮೊದಲ ಏಟು ಬೀಳುವುದು ಮಷಿನ್ ಮುಂದೆ ಕೂತವಳಿಗೇ.

ಇನ್ನು ಕಾನೂನಿನ ಮಾತು. ನಮ್ಮ ದೇಶದ ಕಾನೂನಿನ ಪುಸ್ತಕದಲ್ಲಿ ಬೇಕಾದ್ದೆಲ್ಲ ಇದೆ. ಹೆರಿಗೆಗೆ 26 ವಾರ ರಜೆ, 50 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಓವರ್‌ಟೈಮಿಗೆ ಎರಡು ಪಟ್ಟು ಕೂಲಿ. ಇಲ್ಲದ್ದು ಒಂದೇ: ಫ್ಲೋರ್‌ನಲ್ಲಿ ನಿಂತು "ಆಗಲ್ಲ" ಅನ್ನುವ ಧೈರ್ಯ. ಆ ಧೈರ್ಯ ಒಬ್ಬಳಿಗೆ ಬರುವುದಿಲ್ಲ, ಪಕ್ಕದವರೂ ಜೊತೆಗೆ ನಿಂತರೆ ಮಾತ್ರ ಬರುತ್ತದೆ.

ಢಾಕಾ ಹತ್ತಿರ ಸವಾರ್‌ನಲ್ಲಿದ್ದ ರಾಣಾ ಪ್ಲಾಜಾ ವಿಷಯ ನಿಮಗೆ ಗೊತ್ತಿರಬಹುದು. 2013ರ ಏಪ್ರಿಲ್ 23ರಂದು ಕಟ್ಟಡದಲ್ಲಿ ದೊಡ್ಡ ಬಿರುಕು ಕಂಡಿತು. ಕೆಳಗಿನ ಮಹಡಿಯ ಬ್ಯಾಂಕು ಮತ್ತು ಅಂಗಡಿಗಳು ಮುಚ್ಚಿದವು. ಮೇಲಿನ ಮಹಡಿಗಳ ಗಾರ್ಮೆಂಟ್ಸ್‌ನವರನ್ನು ಮಾತ್ರ ಮಾರನೇ ದಿನ ಕೆಲಸಕ್ಕೆ ಬರಲೇಬೇಕು ಎಂದರು, ಬರದಿದ್ದರೆ ಸಂಬಳ ಹಿಡಿಯುತ್ತೇವೆ ಎಂದರು. ಬೆಳಿಗ್ಗೆ ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಹೆಣ್ಣುಮಕ್ಕಳು. ಅದೇ ಕಟ್ಟಡ, ಅದೇ ಬಿರುಕು. ಬ್ಯಾಂಕಿನವರು ಉಳಿದರು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಹತ್ತಿರ ಇಲ್ಲ.

ದಿನನಿತ್ಯ ನಡೆಯುವುದೂ ಇದೇ, ಸಾವು ಕಾಣುವುದಿಲ್ಲ ಅಷ್ಟೇ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತದೆ. ಎದ್ದು ಹೋದರೆ ಪೀಸ್ ಕಮ್ಮಿಯಾಗುತ್ತದೆ, ಸೂಪರ್‌ವೈಸರ್ ಎಲ್ಲರ ಮುಂದೆ ಬೈಯುತ್ತಾನೆ. ಹಾಗಾಗಿ ನಾವು ನೀರೇ ಕುಡಿಯುತ್ತಿರಲಿಲ್ಲ. ಉರಿಮೂತ್ರ ಇಲ್ಲದವರು ನಮ್ಮ ಬ್ಯಾಚ್‌ನಲ್ಲಿ ಕಮ್ಮಿ. ಓವರ್‌ಟೈಮಿಗೆ ದುಡ್ಡಿನ ಬದಲು "ಕಾಂಪ್ ಆಫ್", ಅಂದರೆ ಬದಲಿ ರಜೆ, ಕೊಡುತ್ತಿದ್ದರು, ಅದೂ ಆರ್ಡರ್ ಇಲ್ಲದ ದಿನ, ಅವರಿಗೆ ಅನುಕೂಲ ಆದಾಗ. ಬೈಯರ್, ಅಂದರೆ ಬಟ್ಟೆ ಕೊಳ್ಳುವ ಬ್ರ್ಯಾಂಡಿನವರು, ಬರುವ ದಿನ ಮಾತ್ರ ಮಾಸ್ಕ್ ಬರುತ್ತಿತ್ತು, ಟಾಯ್ಲೆಟ್‌ಗೆ ಸೋಪು ಬರುತ್ತಿತ್ತು.

ಪಿಎಫ್ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಸಂಬಳದಲ್ಲಿ ಉಳಿತಾಯ ಅಂತ ಏನೂ ಆಗುವುದಿಲ್ಲ. ಮಕ್ಕಳ ಫೀಸು, ಮದುವೆ, ಸಾಲ, ಎಲ್ಲಕ್ಕೂ ಕಣ್ಣು ಪಿಎಫ್ ಮೇಲೆ. ಎಷ್ಟೋ ಹೆಂಗಸರು ಆ ದುಡ್ಡಿಗೋಸ್ಕರವೇ ಕೆಲಸ ಬಿಡುತ್ತಾರೆ. ಆಮೇಲೆ ಬೇರೆ ಫ್ಯಾಕ್ಟರಿಗೆ ಹೊಸಬರಂತೆ ಸೇರುತ್ತಾರೆ. ಐದು ವರ್ಷ ಒಂದೇ ಕಡೆ ತುಂಬದೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಹಣ, ಕೈ ತಪ್ಪುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದಿತು. ಲೈನ್‌ನಲ್ಲಿ 58ರವರೆಗೆ ಹೊಲಿದ ಹೆಂಗಸನ್ನು ನಾನು ನೋಡಿಲ್ಲ. ಆ ವರ್ಷದ ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಸಾವಿರಾರು ಹೆಂಗಸರು ಫ್ಯಾಕ್ಟರಿಯಿಂದ ಎದ್ದು ರಸ್ತೆಗೆ ಬಂದರು. ಹೊಸೂರು ರಸ್ತೆ ನಿಂತುಹೋಯಿತು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಲಾಠಿ ಏಟು ತಿಂದರು, ಕೇಸು ಹಾಕಿಸಿಕೊಂಡರು. ಮಾರನೇ ದಿನವೇ ಸರ್ಕಾರ ಆದೇಶ ಹಿಂತೆಗೆದುಕೊಂಡಿತು.

ಸಂಘ ಅಂದ ತಕ್ಷಣ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. 2015ರಲ್ಲಿ ಕೇರಳದ ಮುನ್ನಾರ್‌ನಲ್ಲಿ ಟೀ ತೋಟದ ಹೆಂಗಸರು ಬೋನಸ್‌ಗಾಗಿ ಮುಷ್ಕರ ಹೂಡಿದಾಗ ತಮ್ಮದೇ ಸಂಘಗಳ ಗಂಡಸು ನಾಯಕರನ್ನು ದೂರ ಇಟ್ಟರು. ತಾವೇ ಮಾತುಕತೆಗೆ ಕೂತು ಗೆದ್ದರು. ಸಂಘದಲ್ಲಿರುವ ನಾವು ಅದನ್ನು ಮರೆಯಬಾರದು.

ಹಾಗಾದರೆ ಎಲ್ಲೂ ಏನೂ ಬದಲಾಗಿಲ್ಲವೇ? ಬದಲಾಗಿದೆ. ರಾಣಾ ಪ್ಲಾಜಾ ಕುಸಿದ ಮುಂದಿನ ತಿಂಗಳೇ ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಫ್ಯಾಕ್ಟರಿಗಳ ಸುರಕ್ಷತೆಗಾಗಿ "ಅಕಾರ್ಡ್" ಎಂಬ ಒಪ್ಪಂದ ಆಯಿತು. ಬ್ರ್ಯಾಂಡ್ ಮಾತಿಗೆ ತಪ್ಪಿದರೆ ಕಾನೂನಿನ ಪ್ರಕಾರ ಕೇಳಬಹುದು. ಅಪಾಯ ಕಂಡರೆ ಒಳಗೆ ಹೋಗುವುದಿಲ್ಲ ಅನ್ನುವ ಹಕ್ಕೂ ಅದರಲ್ಲಿ ಬರೆದಿದೆ. ತಮಿಳುನಾಡಿನ ದಿಂಡಿಗಲ್‌ನಲ್ಲಿ 2021ರಲ್ಲಿ ಒಬ್ಬ ದಲಿತ ಯುವತಿಯ ಕೊಲೆಯಾಯಿತು. ಕೊಂದವನು ಅವಳ ಫ್ಯಾಕ್ಟರಿಯ ಸೂಪರ್‌ವೈಸರ್ ಎಂಬ ಆರೋಪ ಬಂತು. ಅಲ್ಲಿನ ಹೆಂಗಸರ ಸಂಘ ಹೋರಾಡಿ 2022ರಲ್ಲಿ ಇಂಥದ್ದೇ ಒಪ್ಪಂದ ಪಡೆಯಿತು. ಅದರಿಂದ ಕಿರುಕುಳದ ಮೇಲೆ ಕಣ್ಣಿಡಲು ತರಬೇತಿ ಪಡೆದ ಹೆಂಗಸರು ಲೈನ್‌ನಲ್ಲೇ ಬಂದರು.

ನೀವು ನಿಜವಾಗಿ ಏನಾದರೂ ಮಾಡಬೇಕು ಅಂತಿದ್ದರೆ, ನೀವು ಕೊಳ್ಳುವ ಬ್ರ್ಯಾಂಡ್‌ಗೆ ಬರೆಯಿರಿ. ಅಕಾರ್ಡ್‌ಗೆ ಸಹಿ ಹಾಕಿದ್ದೀರಾ, ಹೊಲಿಯುವ ಫ್ಯಾಕ್ಟರಿಗಳ ಪಟ್ಟಿ ಬಹಿರಂಗ ಮಾಡಿದ್ದೀರಾ, ಅಲ್ಲಿ ಸಂಘ ಕಟ್ಟಲು ಬಿಡುತ್ತೀರಾ ಅಂತ ಕೇಳಿ. ನಮ್ಮಲ್ಲಿ ನೀತಿ ಸಂಹಿತೆ ಇದೆ, ಆಡಿಟ್ ಆಗುತ್ತದೆ ಅಂತ ಉತ್ತರ ಬರುತ್ತದೆ. ರಾಣಾ ಪ್ಲಾಜಾದ ಫ್ಯಾಕ್ಟರಿಗಳಲ್ಲೂ ಆಡಿಟ್ ಆಗಿತ್ತು. ಮತ್ತೆ ಬರೆದು ಸಹಿಯ ವಿಷಯವನ್ನೇ ಕೇಳಿ.