ಹೆಸರು ಸಿಗುತ್ತದೆ, ಲಾಗಿನ್ ಆಗುವುದಿಲ್ಲ

ಪ್ರಶ್ನೆ: ಕಾಲೇಜು ಲ್ಯಾಬ್‌ನ ಉಬುಂಟು 24.04 ಮಷೀನ್‌ಗಳಿಗೆ ಎಲ್‌ಡ್ಯಾಪ್ ಸರ್ವರ್‌ನಿಂದ (ಎಲ್ಲರ ಅಕೌಂಟ್ ಒಂದೇ ಕಡೆ ಇಡುವ ಸರ್ವರ್) ಲಾಗಿನ್ ಕೊಡಬೇಕು. ಆ ಸರ್ವರ್ ಜೊತೆ ಮಾತಾಡುವ ಎಸ್‌ಎಸ್‌ಎಸ್‌ಡಿ ಸರ್ವಿಸ್ ಹಾಕಿದ್ದೇನೆ. ‘ಐಡಿ’ ಕಮಾಂಡ್ ಕೊಟ್ಟರೆ ವಿದ್ಯಾರ್ಥಿಯ ಹೆಸರು, ಗ್ರೂಪ್ ಎಲ್ಲ ಬರುತ್ತದೆ. ಪಾಸ್‌ವರ್ಡ್ ಹಾಕಿದರೆ ಮಾತ್ರ ಒಳಗೆ ಬಿಡುವುದಿಲ್ಲ. ಸರ್ವರ್ ಅಸಲಿಯೇ ಅಂತ ನೋಡುವ ಸರ್ಟಿಫಿಕೇಟ್ ಚೆಕ್ ಆಫ್ ಮಾಡಿ ಅಂತ ಒಂದು ವಿಡಿಯೋದಲ್ಲಿ ಹೇಳಿದ್ದಾರೆ. ಮಾಡಲಾ?

ಬೇಡ. ಇದೇ ಪ್ರಶ್ನೆ, ಇದೇ ಸಲಹೆಯ ಜೊತೆ, ನನಗೆ ಬರುತ್ತಲೇ ಇದೆ. ಆ ವಿಡಿಯೋ ಮಾಡಿದವರು ಲಾಗಿನ್ ಆಗಿದ್ದನ್ನಷ್ಟೇ ತೋರಿಸುತ್ತಾರೆ, ಏನು ಕಳೆದುಕೊಂಡಿರಿ ಅಂತ ಹೇಳುವುದಿಲ್ಲ.

‘ಐಡಿ’ ಹೇಳುವುದು ಈ ಹೆಸರಿನವರು ಯಾರು ಅನ್ನುವುದನ್ನಷ್ಟೇ. ಅದು ಲಿನಕ್ಸ್‌ನಲ್ಲಿ ಹೆಸರು ಹುಡುಕುವ ಎನ್‌ಎಸ್‌ಎಸ್ ಕೆಲಸ. ಪಾಸ್‌ವರ್ಡ್ ವಿಚಾರಿಸುವುದು ಪ್ಯಾಮ್ ಅನ್ನುವ ಇನ್ನೊಂದು ಭಾಗ. ಎರಡೂ ಎಸ್‌ಎಸ್‌ಎಸ್‌ಡಿ ಮೂಲಕವೇ ಸರ್ವರ್‌ಗೆ ಹೋಗುತ್ತವೆ, ಆದರೆ ನಿಯಮ ಬೇರೆ. ಹೆಸರು ಹುಡುಕುವಾಗ ಟಿಎಲ್‌ಎಸ್ (ಗುಪ್ತವಾಗಿ ಸಾಗಿಸುವ ಸಂಪರ್ಕ) ಇಲ್ಲದಿದ್ದರೂ ಎಸ್‌ಎಸ್‌ಎಸ್‌ಡಿ ತಲೆ ಕೆಡಿಸಿಕೊಳ್ಳುವುದಿಲ್ಲ. ಪಾಸ್‌ವರ್ಡನ್ನು ಮಾತ್ರ ಟಿಎಲ್‌ಎಸ್ ಇಲ್ಲದೆ ಕಳಿಸುವುದೇ ಇಲ್ಲ. ಅದಕ್ಕೇ ನಿಮಗೆ ಅರ್ಧ ಕೆಲಸ ಆಗಿದೆ, ಇನ್ನರ್ಧ ನಿಂತಿದೆ.

ಊಹೆ ಬಿಟ್ಟು ಆಥ್ ಲಾಗ್ (ಲಾಗಿನ್ ದಾಖಲೆ) ತೆರೆಯಿರಿ. ‘ಪ್ಯಾಮ್ ಎಸ್‌ಎಸ್‌ಎಸ್’ ಸಾಲಿನಲ್ಲಿ 7 ಅಂತಿದ್ದರೆ ಸರ್ವರ್ ಪಾಸ್‌ವರ್ಡ್ ಒಪ್ಪಿಲ್ಲ. 9 ಅಂತಿದ್ದರೆ ಸರ್ವರ್ ಹತ್ತಿರ ಕೇಳುವುದಕ್ಕೇ ಆಗಿಲ್ಲ. ನಿಮ್ಮಲ್ಲಿ 9 ಇರುತ್ತದೆ, ನೋಡಿ.

ಸರ್ವರ್‌ನ ಸರ್ಟಿಫಿಕೇಟನ್ನು ನಿಮ್ಮ ಮಷೀನ್ ನಂಬದಿದ್ದರೆ ಟಿಎಲ್‌ಎಸ್ ಕೂಡುವುದಿಲ್ಲ. ಆ ಸರ್ಟಿಫಿಕೇಟ್‌ಗೆ ಸಹಿ ಹಾಕಿದ ಸಿಎ (ಸಹಿ ಹಾಕುವ ಸಂಸ್ಥೆ) ಫೈಲನ್ನು ‘/ಯುಎಸ್‌ಆರ್/ಲೋಕಲ್/ಶೇರ್/ಸಿಎ-ಸರ್ಟಿಫಿಕೇಟ್ಸ್’ ಒಳಗೆ ಹಾಕಿ. ಹೆಸರು ‘.ಸಿಆರ್‌ಟಿ’ ಅಂತಲೇ ಮುಗಿಯಬೇಕು. ‘.ಪೆಮ್’ ಅಂತಿದ್ದರೆ ಅದನ್ನು ಮೂಸಿಯೂ ನೋಡುವುದಿಲ್ಲ. ಆಮೇಲೆ ‘ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್’ ಓಡಿಸಿ, ಎಸ್‌ಎಸ್‌ಎಸ್‌ಡಿ ರೀಸ್ಟಾರ್ಟ್ ಮಾಡಿ. ಕಾನ್ಫಿಗ್‌ನಲ್ಲಿ ಸರ್ವರ್‌ನ ಐಪಿ ಬರೆದಿದ್ದೀರಾ? ತೆಗೆಯಿರಿ. ಸರ್ಟಿಫಿಕೇಟ್‌ನಲ್ಲಿ ಯಾವ ಹೆಸರಿದೆಯೋ ಅದೇ ಇಲ್ಲೂ ಇರಬೇಕು.

ಚೆಕ್ ಆಫ್ ಮಾಡಿದರೂ ಲಾಗಿನ್ ಆಗುತ್ತದೆ, ನಿಜ. ಆದರೆ ಲ್ಯಾಬ್‌ನಲ್ಲಿ ಯಾವನೋ ಹುಡುಗ ತನ್ನ ಲ್ಯಾಪ್‌ಟಾಪನ್ನೇ ಸರ್ವರ್ ಅಂತ ನಿಮ್ಮ ಮಷೀನ್‌ಗಳಿಗೆ ನಂಬಿಸಿದರೆ, ಪ್ರಿನ್ಸಿಪಾಲರ ಪಾಸ್‌ವರ್ಡ್ ಕೂಡ ಅವನಿಗೇ ಹೋಗುತ್ತದೆ. ಬಿಡುವಾಗಿರುವ ಹುಡುಗರು ಲ್ಯಾಬ್‌ನಲ್ಲಿ ಕಡಿಮೆಯೇನಿಲ್ಲ, ಅಲ್ವಾ?

ಇನ್ನೊಂದು. ಪ್ಯಾಮ್ ಫೈಲ್ ಮುಟ್ಟುವ ಮೊದಲು ಬೇರೆ ಟರ್ಮಿನಲ್‌ನಲ್ಲಿ ರೂಟ್ ಆಗಿ ಲಾಗಿನ್ ಆಗಿರಿ. ಹೊಸ ಲಾಗಿನ್ ಸರಿಯಾಗುವವರೆಗೂ ಅದನ್ನು ಮುಚ್ಚಬೇಡಿ. ಲೋಕಲ್ ಅಡ್ಮಿನ್ ಅಕೌಂಟ್ ತೆಗೆಯಲೇಬೇಡಿ. ಸರ್ವರ್ ಬಿದ್ದ ದಿನ ಒಳಗೆ ಹೋಗಲು ಅದೊಂದೇ ದಾರಿ.

‘ಗೆಟೆಂಟ್’ ಕಮಾಂಡ್‌ನಲ್ಲಿ ಎಲ್ಲ ವಿದ್ಯಾರ್ಥಿಗಳ ಪಟ್ಟಿ ಬರುತ್ತಿಲ್ಲ.
ಅದು ದೋಷವಲ್ಲ. ಪೂರ್ತಿ ಪಟ್ಟಿ ಕೊಡುವುದು ಮೊದಲಿಂದಲೇ ಆಫ್ ಇರುತ್ತದೆ, ಹಾಗೇ ಇರಲಿ. ಹೆಸರು ಕೊಟ್ಟು ಕೇಳಿ.

ಎಲ್‌ಡ್ಯಾಪ್ ಬದಲು ಹಳೆಯ ಎನ್‌ಐಎಸ್ ಸುಲಭ ಅಂತಾರೆ, ಅದನ್ನೇ ಹಾಕಲಾ?
ರೆಡ್ ಹ್ಯಾಟ್‌ನವರು ಎಂಟರ್‌ಪ್ರೈಸ್ ಲಿನಕ್ಸ್ 9ರಿಂದ ಅದನ್ನು ಕಿತ್ತೇ ಹಾಕಿದ್ದಾರೆ. ನೀವು ಹೊಸದಾಗಿ ಶುರು ಮಾಡುವುದೇ?

ಲಾಗಿನ್ ಆಗುತ್ತದೆ, ಹೋಮ್ ಫೋಲ್ಡರ್ ಇಲ್ಲ.
‘ಪ್ಯಾಮ್-ಆಥ್-ಅಪ್‌ಡೇಟ್’ನಲ್ಲಿ ಹೋಮ್ ಡೈರೆಕ್ಟರಿ ಸಾಲಿಗೆ ಟಿಕ್ ಹಾಕಿ.

ಎಸ್‌ಎಸ್‌ಎಸ್‌ಡಿ ಕಾನ್ಫಿಗ್ ಫೈಲ್‌ಗೆ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟ ಮೇಲೆ ಸರ್ವಿಸ್ ಸ್ಟಾರ್ಟೇ ಆಗುತ್ತಿಲ್ಲ.
ಆಗಲೂಬಾರದು. ಫೈಲ್ ರೂಟ್ ಹೆಸರಲ್ಲಿರಲಿ, ಪರ್ಮಿಷನ್ 600 ಇರಲಿ, ಅಂದರೆ ರೂಟ್ ಮಾತ್ರ ಓದಿ ಬರೆಯುವಂತಿರಲಿ.